ಚಿರತೆ ಹಲ್ಲಿಯೂ ಕಾಫಿ ಸೀಮೆಯ ನೆಂಟರೂ

ಚಿಕ್ಕಮಗಳೂರಿನಿಂದ ಮೂಡಿಗೆರೆಯ ದಾರಿ ಹಿಡಿದವರು ಸಾಮಾನ್ಯವಾಗಿ ನೋಡುವುದು ಮೇಲಕ್ಕೆ, ಇಲ್ಲವೇ ದೂರಕ್ಕೆ. ಮುಳ್ಳಯ್ಯನಗಿರಿಯ ನೆತ್ತಿ, ಬಾಬಾಬುಡನ್‌ಗಿರಿಯ ಸಾಲು, ಮಂಜು ಮುಸುಕಿದ ಕಣಿವೆ, ಕಾಫಿ ಗಿಡಗಳ ಮೇಲೆ ಹರಡಿದ ಬಿಳಿ ಹೂವು ಇವು ಪ್ರವಾಸಿಗರ ಕಣ್ಣಿಗೆ ಹಬ್ಬ. ಹೊರನಾಡಿಗೆ ಹೋಗುವ ಭಕ್ತರು ಕಳಸದಲ್ಲಿ ಇಳಿದು ಕಳಸೇಶ್ವರನಿಗೆ ಕೈ ಮುಗಿದು ಮುಂದೆ ಸಾಗುತ್ತಾರೆ. ಆದರೆ ಈ ಸೀಮೆಯಲ್ಲಿ ಹತ್ತಿರದಿಂದ, ತಲೆ ತಗ್ಗಿಸಿ ನೋಡಬೇಕಾದ ಒಂದು ಲೋಕವಿದೆ. ಅದು ಹಂಚಿನ ಮನೆಯ ಗೋಡೆಯ ಮೇಲಿದೆ, ಅಡಿಕೆ ಮರದ ಕಾಂಡದ ಮೇಲಿದೆ, ತೋಟದಂಚಿನ ಪಾಚಿಗಟ್ಟಿದ ಬಂಡೆಯ ಬಿರುಕಿನಲ್ಲಿದೆ. ಅದು ಹಲ್ಲಿ, ಓತಿಗಳ ಲೋಕ.

ಮೇ ತಿಂಗಳ ಕೊನೆಗೆ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಮಲೆನಾಡಿನ ಯಾವುದೇ ಮನೆಯ ಜಗಲಿಯಲ್ಲಿ ಈ ಲೋಕದ ಜಾತ್ರೆ ನಡೆಯುತ್ತದೆ. ನೆಲದಿಂದ ಈಸಲು ಹುಳುಗಳು ಹೊಗೆಯಂತೆ ಏಳುತ್ತವೆ. ಬಲ್ಬಿನ ಸುತ್ತ ಗಿರಕಿ ಹೊಡೆದು ರೆಕ್ಕೆ ಉದುರಿಸುತ್ತವೆ. ಫೋಟೋಗಳ ಹಿಂದಿನಿಂದ, ಜಂತೆಯ ಸಂದಿನಿಂದ, ಮೀಟರ್ ಬೋರ್ಡಿನ ಮರೆಯಿಂದ ಹಲ್ಲಿಗಳು ಒಂದೊಂದಾಗಿ ಹೊರಬಂದು ಗೋಡೆಯ ಮೇಲೆ ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಕರೆಂಟು ಹೋಗುವವರೆಗೂ ಊಟ. ಮನೆಯವರಿಗೆ ಇದು ಎಷ್ಟು ರೂಢಿಯೆಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಮಾತ್ರ ಅಜ್ಜಿಯಂದಿರು ನೆಲಕ್ಕೆ ಬೆರಳು ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಾರೆ.

ಇದೇ ಹೊತ್ತಿಗೆ ಬೆಂಗಳೂರಿನ ಬಹುಮಹಡಿ ಕಟ್ಟಡದ ಯಾವುದೋ ಕೋಣೆಯಲ್ಲಿ ಇನ್ನೊಂದು ಹಲ್ಲಿಗೆ ಗಾಜಿನ ಪೆಟ್ಟಿಗೆ, ಬಿಸಿ ಕೊಡುವ ಹಾಸು, ಉಷ್ಣಮಾಪಕ, ಕ್ಯಾಲ್ಸಿಯಂ ಪುಡಿ ಹಚ್ಚಿದ ಮಿಡತೆ ಎಲ್ಲ ಸಿದ್ಧವಾಗಿರುತ್ತದೆ. ಅದರ ಹೆಸರು ಲೆಪರ್ಡ್ ಗೆಕೊ. ಕನ್ನಡದಲ್ಲಿ ಚಿರತೆ ಹಲ್ಲಿ ಎನ್ನಬಹುದು. ನಾಯಿ, ಬೆಕ್ಕು, ಗಿಳಿ, ಮೀನುಗಳ ಸಾಲಿಗೆ ಅದೂ ಸೇರಿಕೊಂಡು ದಶಕಗಳೇ ಆದವು. ಅಮೆರಿಕ, ಯುರೋಪುಗಳಲ್ಲಿ ಅತಿ ಹೆಚ್ಚು ಸಾಕುವ ಸರೀಸೃಪಗಳಲ್ಲಿ ಅದೊಂದು. ಆ ಹವ್ಯಾಸ ಈಗ ನಮ್ಮ ಊರುಗಳಿಗೂ ಬಂದಿದೆ. ಹಾಗಾದರೆ ಗೋಡೆಯ ಹಲ್ಲಿಗೂ ಗಾಜಿನ ಪೆಟ್ಟಿಗೆಯ ಹಲ್ಲಿಗೂ ಏನು ವ್ಯತ್ಯಾಸ? ಕಾಫಿ ಸೀಮೆಯ ಹಲ್ಲಿಗಳನ್ನೂ ಹೀಗೆ ಸಾಕಬಹುದೇ? ಮಕ್ಕಳು ಕೇಳುವ ಈ ಪ್ರಶ್ನೆಗೆ ಉತ್ತರ ಹುಡುಕಲು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ದಾರಿಗಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ರೆಪ್ಪೆ ಇರುವ ಹಲ್ಲಿ

ಚಿರತೆ ಹಲ್ಲಿಯ ವೈಜ್ಞಾನಿಕ ಹೆಸರು ಯುಬ್ಲೆಫರಿಸ್ ಮ್ಯಾಕುಲೇರಿಯಸ್. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ೧೮೫೪ರಲ್ಲಿ ಇದನ್ನು ಮೊದಲಿಗೆ ವಿವರಿಸಿದ. ಮಾದರಿ ಬಂದದ್ದು ಪಂಜಾಬಿನ ಉಪ್ಪಿನ ಬೆಟ್ಟಗಳಿಂದ. ಆ ಬೆಟ್ಟಗಳು ಈಗ ಪಾಕಿಸ್ತಾನದಲ್ಲಿವೆ. ಅಂದರೆ ವಿದೇಶಿ ಪ್ರಾಣಿ ಎಂದು ಅಂಗಡಿಯವರು ಬೆಲೆ ಹೇಳುವ ಈ ಹಲ್ಲಿಯ ತವರು ನಮ್ಮ ಉಪಖಂಡವೇ.

ಯುಬ್ಲೆಫರಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ‘ಒಳ್ಳೆಯ ರೆಪ್ಪೆಯದು’. ಹೆಸರಿನಲ್ಲೇ ಅದರ ಗುಟ್ಟಿದೆ. ಗೋಡೆಯ ಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಕನ್ನಡಕದಂತೆ ಒಂದು ಪಾರದರ್ಶಕ ಪೊರೆ ಇದೆ, ಅಷ್ಟೆ. ಧೂಳು ಕೂತರೆ ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿಗಾದರೋ ನಿಜವಾದ ರೆಪ್ಪೆಗಳಿವೆ. ಅದು ಕಣ್ಣು ಮುಚ್ಚಿ ನಿದ್ದೆ ಮಾಡುತ್ತದೆ. ರೆಪ್ಪೆ ಅರೆಮುಚ್ಚಿ ನಕ್ಕಂತೆ ಕಾಣುತ್ತದೆ. ಸಾಕುವವರು ಮರುಳಾಗುವುದು ಬಹುಪಾಲು ಈ ಮುಖಕ್ಕೇ.

ಎರಡನೆಯ ವ್ಯತ್ಯಾಸ ಕಾಲಿನಲ್ಲಿದೆ. ಗೋಡೆಯ ಹಲ್ಲಿಯ ಬೆರಳಿನಡಿ ಪಟ್ಟಿಪಟ್ಟಿಯಾದ ಮೆತ್ತೆಗಳಿವೆ. ಆ ಮೆತ್ತೆಗಳ ತುಂಬ ಮನುಷ್ಯನ ಕೂದಲಿನ ಹತ್ತರಲ್ಲಿ ಒಂದು ಭಾಗದಷ್ಟು ತೆಳುವಾದ ರೋಮಗಳು. ಪ್ರತಿ ರೋಮದ ತುದಿ ನೂರಾರು ಕವಲಾಗಿ ಒಡೆದಿರುತ್ತದೆ. ಈ ಕವಲುಗಳು ಗೋಡೆಯ ಅಣುಗಳಿಗೆ ಎಷ್ಟು ಹತ್ತಿರ ಬರುತ್ತವೆಂದರೆ ಅಣು ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತವೇ ಹಲ್ಲಿಯನ್ನು ಹಿಡಿದು ನಿಲ್ಲಿಸುತ್ತದೆ. ಅಂಟೂ ಅಲ್ಲ, ಗಾಳಿ ಹೀರುವ ಬಟ್ಟಲೂ ಅಲ್ಲ. ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಟೋಕೆ ಎಂಬ ಏಷ್ಯಾದ ದೊಡ್ಡ ಹಲ್ಲಿಯ ಒಂದೇ ಒಂದು ರೋಮದ ಹಿಡಿತವನ್ನು ಅಳೆದು ೨೦೦೦ದಲ್ಲಿ ಪ್ರಕಟಿಸಿದರು. ಎರಡು ವರ್ಷದ ನಂತರ ಅದು ವ್ಯಾನ್ ಡರ್ ವಾಲ್ಸ್ ಸೆಳೆತವೇ ಎಂದು ತೋರಿಸಿದರು. ಪಾಠ ಹೇಳುವಾಗ ಮಕ್ಕಳಿಗೆ ಕಣ್ಣಿಗೆ ಕಾಣದ ಅಣುಸೆಳೆತವನ್ನು ನಂಬಿಸುವುದು ಕಷ್ಟ. ಚಾವಣಿಯ ಹಲ್ಲಿಯನ್ನು ತೋರಿಸಿದರೆ ಸಾಕು.

ಚಿರತೆ ಹಲ್ಲಿಗೆ ಈ ಮೆತ್ತೆ ಇಲ್ಲ, ಉಗುರು ಮಾತ್ರ. ಅದು ಗಾಜು ಹತ್ತಲಾರದು. ಗೋಡೆ ಹತ್ತಿ ಮಾಯವಾಗಲಾರದು. ಸಾಕುಪ್ರಾಣಿಯಾಗಿ ಅದು ಗೆದ್ದದ್ದಕ್ಕೆ ಈ ಅಸಾಮರ್ಥ್ಯವೂ ಒಂದು ಕಾರಣ. ಒಂದು ಗೇಣಿನಷ್ಟು ಉದ್ದ, ನಿಧಾನದ ನಡೆ, ಸಂಜೆ ಮತ್ತು ರಾತ್ರಿಯ ಓಡಾಟ, ಒಣ ನೆಲದ ವಾಸ. ದಪ್ಪನೆಯ ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವುದರಿಂದ ಕೆಲವು ದಿನ ಉಪವಾಸವಿದ್ದರೂ ನಡೆಯುತ್ತದೆ. ಒಂದು ಬದಿ ಮೂವತ್ತರಿಂದ ಮೂವತ್ತೆರಡು ಡಿಗ್ರಿ ಬೆಚ್ಚಗೆ, ಇನ್ನೊಂದು ಬದಿ ತಂಪಗೆ ಇರುವ ಪೆಟ್ಟಿಗೆ, ಅಡಗಲು ಒಂದು ಗೂಡು, ಕುಡಿಯಲು ನೀರು, ಜೀವಂತ ಹುಳು ಇಷ್ಟಿದ್ದರೆ ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲದು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಮೂಳೆ ಬಾಗುತ್ತದೆ. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಚ್ಚಾಡುತ್ತವೆ. ಹೆದರಿದರೆ ಬಾಲ ಕಳಚುತ್ತದೆ. ಮತ್ತೆ ಬೆಳೆದ ಬಾಲದಲ್ಲಿ ಮೂಳೆಯ ಬದಲು ಮೃದ್ವಸ್ಥಿಯ ಕಡ್ಡಿ ಇರುತ್ತದೆ, ಅಂದವೂ ಮೊದಲಿನಂತಿರುವುದಿಲ್ಲ.

ಇನ್ನೊಂದು ವಿಸ್ಮಯವಿದೆ. ಈ ಹಲ್ಲಿಯ ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ವರ್ಣತಂತುವಲ್ಲ, ಮೊಟ್ಟೆಗೆ ಸಿಕ್ಕ ಕಾವು. ಇಪ್ಪತ್ತಾರು ಡಿಗ್ರಿಯ ಆಸುಪಾಸಿನಲ್ಲಿ ಬಹುತೇಕ ಎಲ್ಲ ಹೆಣ್ಣು, ಮೂವತ್ತೆರಡು ಮೂವತ್ಮೂರರಲ್ಲಿ ಹೆಚ್ಚಿನವು ಗಂಡು, ಇನ್ನೂ ಎರಡು ಡಿಗ್ರಿ ಏರಿದರೆ ಮತ್ತೆ ಹೆಣ್ಣು. ಸಾಕಣೆಗಾರರು ಇದನ್ನು ತಿಳಿದು ಬೇಕಾದ ಮರಿಗಳನ್ನು ಮಾಡಿಸುತ್ತಾರೆ. ಬಣ್ಣಕ್ಕಾಗಿ ತಳಿಗಳನ್ನೂ ಬೆಳೆಸಿದ್ದಾರೆ. ಆದರೆ ಬಣ್ಣದ ಆಸೆಗೆ ಬೆಲೆಯೂ ಇದೆ. ‘ಲೆಮನ್ ಫ್ರಾಸ್ಟ್’ ಎಂಬ ನಿಂಬೆ ಬಣ್ಣದ ತಳಿಯಲ್ಲಿ ಆ ಬಣ್ಣವನ್ನು ಕೊಡುವ ವಂಶವಾಹಿಯೇ ಚರ್ಮದ ಗೆಡ್ಡೆಗೂ ಕಾರಣವಾಗುತ್ತದೆ ಎಂದು ೨೦೨೧ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಚಂದವೂ ಕಾಯಿಲೆಯೂ ಒಂದೇ ಗಂಟಿನಲ್ಲಿ ಬಂದವು.

ಚಿರತೆ ಹಲ್ಲಿಯ ಹತ್ತಿರದ ನೆಂಟರು ಭಾರತದಲ್ಲೂ ಇದ್ದಾರೆ. ಗುಜರಾತ್, ಮಹಾರಾಷ್ಟ್ರದ ಒಣ ಬೆಟ್ಟಗಳಿಂದ ಕರ್ನಾಟಕದ ಉತ್ತರದ ಅಂಚಿನವರೆಗೆ ಯುಬ್ಲೆಫರಿಸ್ ಫಸ್ಕಸ್ ಎಂಬುದಿದೆ. ಸಾತ್ಪುರದ ಬೆಟ್ಟಗಳ ಇನ್ನೊಂದಕ್ಕೆ ೨೦೧೪ರಲ್ಲಿ ಹೆಸರಿಟ್ಟರು. ಉತ್ತರ ಭಾರತದ ಹಳ್ಳಿಗಳಲ್ಲಿ ಈ ಹಲ್ಲಿಗಳಿಗೆ ಘೋರ ವಿಷವಿದೆ ಎಂದು ನಂಬಿ ಕಂಡಲ್ಲಿ ಹೊಡೆದು ಕೊಲ್ಲುವುದುಂಟು. ನಿಜಕ್ಕೂ ಯಾವ ಹಲ್ಲಿಗೂ ವಿಷವಿಲ್ಲ. ಒಂದೇ ಪ್ರಾಣಿಯನ್ನು ಒಂದು ಕಡೆ ಹೆದರಿ ಕೊಲ್ಲುತ್ತಾರೆ, ಇನ್ನೊಂದು ಕಡೆ ಮುದ್ದಿನಿಂದ ಸಾಕುತ್ತಾರೆ.

ಕಾಫಿ ಸೀಮೆಯಲ್ಲಿ ಮಾತ್ರ ಚಿರತೆ ಹಲ್ಲಿ ಇಲ್ಲ. ಕಾರಣ ಮಳೆ. ಕೊಟ್ಟಿಗೆಹಾರದ ಸುತ್ತ ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುತ್ತದೆ. ಕಲ್ಲು, ಮಣ್ಣು, ಮರ ಎಲ್ಲವೂ ತಿಂಗಳುಗಟ್ಟಲೆ ಒದ್ದೆ. ಒಣ ಬಿಲದಲ್ಲಿ ಹಗಲು ಕಳೆಯುವ ಪ್ರಾಣಿಗೆ ಇದು ಹೇಳಿದ ಜಾಗವಲ್ಲ. ಇಲ್ಲಿನ ಹಲ್ಲಿ ಓತಿಗಳು ಬೇರೆಯೇ ಕಸುಬು ಕಲಿತಿವೆ.

ಕರ್ವಾಲೋ ಹುಡುಕಿದ ಓತಿ

ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೋಗುವಾಗ ಕಾಫಿ ತೋಟಗಳ ತಗ್ಗಿನಲ್ಲಿ ಅಡಿಕೆ ಮರಗಳು ಕಾಣಿಸುತ್ತವೆ. ಬಿಸಿಲು ಏರಿದ ಬೆಳಗ್ಗೆ ಒಂದು ಅರ್ಧ ಗಂಟೆ ಸುಮ್ಮನೆ ನಿಂತು ಕಾಂಡಗಳನ್ನು ಗಮನಿಸಿದರೆ ತೊಗಟೆಯ ಒಂದು ಚೂರು ಮೇಲಕ್ಕೆ ಸರಿದಂತಾಗುತ್ತದೆ. ಮರುಕ್ಷಣ ಅದರ ಗಂಟಲ ಕೆಳಗಿನಿಂದ ಹಳದಿ ಬಣ್ಣದ ಚೀಲವೊಂದು ಬಾವುಟದಂತೆ ಚಾಚಿಕೊಳ್ಳುತ್ತದೆ. ಅದೇ ಹಾರುವ ಓತಿ, ಡ್ರೇಕೊ ಡುಸುಮೇರಿ, ಗಂಡು.

ಕನ್ನಡಿಗರಿಗೆ ಈ ಪ್ರಾಣಿಯನ್ನು ಪರಿಚಯಿಸಿದವರು ಮೂಡಿಗೆರೆಯಲ್ಲೇ ನೆಲೆಸಿ ತೋಟ ಮಾಡಿದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (೧೯೩೮–೨೦೦೭). ೧೯೮೦ರಲ್ಲಿ ಬಂದ ಅವರ ‘ಕರ್ವಾಲೋ’ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬ ಹಳ್ಳಿಯ ಮಂದಣ್ಣನ ಜೊತೆ ಕಾಡು ನುಗ್ಗುವುದು ಹಾರುವ ಓತಿಯನ್ನು ಹುಡುಕಿಯೇ. ಡಿಗ್ರಿ ಇಲ್ಲದ ಮಂದಣ್ಣನ ಕಣ್ಣು ಎಷ್ಟು ದೊಡ್ಡ ಉಪಕರಣ ಎಂಬುದನ್ನು ಆ ಪುಸ್ತಕ ಓದಿದವರು ಮರೆಯುವುದಿಲ್ಲ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಕಾದಂಬರಿಯ ಓತಿ ಲಕ್ಷಾಂತರ ವರ್ಷ ಹಿಂದಿನ ಕಾಲದ ಕೊಂಡಿಯಂತೆ ಬರುತ್ತದೆ. ನಿಜ ಜೀವನದ ಓತಿಯೂ ಅಷ್ಟೇ ಕುತೂಹಲದ್ದು.

ಹಕ್ಕಿಗೆ ಕೈಯೇ ರೆಕ್ಕೆ, ಬಾವಲಿಗೆ ಬೆರಳುಗಳೇ ರೆಕ್ಕೆ. ಓತಿಗೆ ಪಕ್ಕೆಲುಬು ರೆಕ್ಕೆ. ಉದ್ದವಾಗಿ ಬೆಳೆದ ಕೆಲವು ಜೋಡಿ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿಕೊಂಡಿದೆ. ಬೇಡದಾಗ ಕೊಡೆಯಂತೆ ಮಡಚಿ ಮೈಗೆ ಒತ್ತಿಕೊಳ್ಳುತ್ತದೆ. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ, ಎತ್ತರದಿಂದ ತೇಲಿ ಮುಂದಿನ ಮರ ಸೇರುತ್ತದೆ. ಮಡಚಿದ ರೆಕ್ಕೆಯನ್ನು ಗಾಳಿಯಲ್ಲಿ ನಿಯಂತ್ರಿಸುವುದು ಹೇಗೆ ಎಂಬುದು ಬಹುಕಾಲ ಗೊತ್ತಿರಲಿಲ್ಲ. ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೆಹ್ಲಿಂಗ್ ಇಲ್ಲಿಂದ ದೂರವೇನಲ್ಲದ ಆಗುಂಬೆಯಲ್ಲಿ ಈ ಓತಿಗಳನ್ನು ಕ್ಯಾಮೆರಾದಲ್ಲಿ ಹಿಡಿದು ೨೦೧೭ರಲ್ಲಿ ಉತ್ತರ ಕೊಟ್ಟ. ನೆಗೆದ ಕೂಡಲೇ ಓತಿ ತನ್ನ ಮುಂಗೈಗಳಿಂದ ರೆಕ್ಕೆಯ ಅಂಚನ್ನೇ ಹಿಡಿದುಕೊಂಡು ಚುಕ್ಕಾಣಿ ಮಾಡುತ್ತದೆ. ಇಳಿಯುವ ಮುನ್ನ ಕೈ ಬಿಟ್ಟು ಮರವನ್ನು ಅಪ್ಪಿಕೊಳ್ಳುತ್ತದೆ.

ಇದನ್ನು ಸಾಕಬಹುದೇ? ಅದರ ಊಟ ಮುಖ್ಯವಾಗಿ ಇರುವೆ, ಅದೂ ಮರದ ಮೇಲೆ ಸಾಲಾಗಿ ಬರುವ ಇರುವೆ. ಅದಕ್ಕೆ ಬೇಕಾದದ್ದು ಒಂದರ ಪಕ್ಕ ಒಂದು ಎತ್ತರದ ಮರಗಳು. ಹೆಣ್ಣು ಓತಿ ನೆಲಕ್ಕಿಳಿಯುವುದು ಮಣ್ಣು ಕೆದಕಿ ಮೊಟ್ಟೆ ಇಡಲು ಮಾತ್ರ. ಯಾವ ಗಾಜಿನ ಪೆಟ್ಟಿಗೆಯಲ್ಲಿ ಒಂದು ಅಡಿಕೆ ತೋಟ ಹಿಡಿಸೀತು? ಪೆಟ್ಟಿಗೆಯಲ್ಲಿಟ್ಟ ಹಾರುವ ಓತಿ ಹಾರುವುದನ್ನು ಮೊದಲು ಬಿಡುತ್ತದೆ, ತಿನ್ನುವುದನ್ನು ಆಮೇಲೆ. ಚಿರತೆ ಹಲ್ಲಿಗೆ ಇರುವ ಒಗ್ಗಿಕೊಳ್ಳುವ ಗುಣ ಎಲ್ಲ ಸರೀಸೃಪಗಳಿಗೂ ಇದೆ ಎಂದು ತಿಳಿಯುವುದೇ ತಪ್ಪು.

ಹಗಲು ಹಲ್ಲಿಗಳ ಬಂಡೆ

ಕೊಟ್ಟಿಗೆಹಾರದಿಂದ ಕಳಸದ ದಾರಿ ಹೇಮಾವತಿಯ ಉಗಮವಾದ ಜಾವಳಿಯ ಬಳಿಯಿಂದ ಹಾಯುತ್ತದೆ. ತಿರುವುಗಳು, ಒಂದು ಬದಿ ಶೋಲಾ ಕಾಡು, ಇನ್ನೊಂದು ಬದಿ ತೋಟ, ನಡುವೆ ನೀರು ಜಿನುಗುವ ಬಂಡೆಗಳು. ಈ ಬಂಡೆಗಳ ನೆರಳಿನ ಬದಿಯಲ್ಲಿ ಕಿರುಬೆರಳ ಗಾತ್ರದ ಹಲ್ಲಿಗಳಿರುತ್ತವೆ. ಇವು ನೆಮಾಸ್ಪಿಸ್ ಕುಲದವು. ಇಂಗ್ಲಿಷಿನಲ್ಲಿ ಹಗಲು ಹಲ್ಲಿ ಎನ್ನುತ್ತಾರೆ. ಬಹಳಷ್ಟು ಹಲ್ಲಿಗಳ ಕಣ್ಣಿನ ಪಾಪೆ ಬೆಕ್ಕಿನದರಂತೆ ಸೀಳು. ಇವುಗಳದ್ದು ದುಂಡು. ಬೆರಳಿನಡಿ ಅಂಟುಮೆತ್ತೆ ಇಲ್ಲ, ಸಪೂರವಾದ ಬೆರಳು ಮತ್ತು ಉಗುರು. ಮೈಬಣ್ಣ ಪಾಚಿ, ಕಲ್ಲುಹೂವಿನೊಂದಿಗೆ ಬೆರೆತು ಹೋಗುತ್ತದೆ. ಬೆರಳು ತೋರಿಸಿದ ಮೇಲೂ ಪ್ರವಾಸಿಗರು ‘ಎಲ್ಲಿ, ಎಲ್ಲಿ’ ಎಂದೇ ಕೇಳುತ್ತಾರೆ.

ಈ ಕುಲದ ಒಂದು ವಿಶೇಷವೆಂದರೆ ಇವು ದೂರ ಹೋಗುವುದಿಲ್ಲ. ಒಂದು ಬೆಟ್ಟದ ಬಂಡೆಯಲ್ಲಿರುವುದು ನಡುವಿನ ಬಯಲು ದಾಟಿ ಇನ್ನೊಂದು ಬೆಟ್ಟಕ್ಕೆ ಬಾರದು. ಲಕ್ಷಗಟ್ಟಲೆ ವರ್ಷ ಹೀಗೆ ಬೇರೆ ಬೇರೆಯಾಗಿ ಉಳಿದು ಒಂದೊಂದು ಬೆಟ್ಟಸಾಲಿಗೂ ಒಂದೊಂದು ಪ್ರಭೇದವಾಗಿದೆ. ೨೦೦೨ರಲ್ಲಿ ಅಮೆರಿಕದ ಆರನ್ ಬೌವರ್ ಉತ್ತರ ಕನ್ನಡದ ಗುಂದದಿಂದ ನೆಮಾಸ್ಪಿಸ್ ಹೆಟೆರೊಫೋಲಿಸ್ ಎಂಬುದನ್ನು ವಿವರಿಸಿದ. ೨೦೨೦ರಲ್ಲಿ ಅಕ್ಷಯ್ ಖಾಂಡೇಕರ್, ಇಶಾನ್ ಅಗರ್ವಾಲ್ ಮತ್ತು ಸಂಗಡಿಗರು ಮೂಡಿಗೆರೆಯ ನೆರೆಯ ಸಕಲೇಶಪುರದಿಂದ ಅದರ ನೆಂಟನೊಂದನ್ನು ಹೊಸ ಪ್ರಭೇದವೆಂದು ಪ್ರಕಟಿಸಿ ನೆಮಾಸ್ಪಿಸ್ ಮ್ಯಾಗ್ನಿಫಿಕಾ ಎಂದು ಹೆಸರಿಟ್ಟರು. ಬಂಡೆಗಳಲ್ಲಿ ವಾಸಿಸುವ, ಈ ಕುಲಕ್ಕೆ ದೊಡ್ಡದೇ ಎನ್ನಬಹುದಾದ ಹಲ್ಲಿ ಅದು. ಹೆದ್ದಾರಿ, ರೈಲು, ತೋಟ ಎಲ್ಲ ಇರುವ ಸೀಮೆಯಲ್ಲಿ ಹೆಸರಿಲ್ಲದ ಪ್ರಾಣಿಯೊಂದು ಅಲ್ಲಿಯವರೆಗೂ ಇತ್ತು. ಇನ್ನೂ ಹೆಸರಿಡದವು ಈ ಬೆಟ್ಟಗಳಲ್ಲಿ ಇರಲಾರವು ಎಂದು ಯಾರೂ ಹೇಳಲಾರರು.

ರಾತ್ರಿ ಹಲ್ಲಿಗಳಲ್ಲೂ ಇಲ್ಲಿನ ಘಟ್ಟಕ್ಕೇ ಸೇರಿದವಿವೆ. ಜೋಗದ ಆಸುಪಾಸಿನಿಂದ ಮಾಲ್ಕಂ ಸ್ಮಿತ್ ೧೯೩೫ರಲ್ಲಿ ವಿವರಿಸಿದ ಹೆಮಿಡ್ಯಾಕ್ಟಿಲಸ್ ಪ್ರಸಾದಿ ಮೈತುಂಬ ಚುಕ್ಕೆಯ ದೊಡ್ಡ ಹಲ್ಲಿ. ಸಯಾಮಿನ ಅರಮನೆಗೆ ವೈದ್ಯನಾಗಿದ್ದ ಸ್ಮಿತ್ ಅದಕ್ಕೆ ಭಾರತದ ಪ್ರಾಣಿವಿಜ್ಞಾನಿ ಬೈನಿ ಪ್ರಸಾದರ ಹೆಸರು ಇಟ್ಟ.

ಹೆಸರೇ ಮುಳುವಾದ ಕಥೆ

ಇಂಥ ಸಂಶೋಧನೆ ಓದಿದಾಗ ಹೆಮ್ಮೆಯಾಗುವುದು ಸಹಜ. ಆದರೆ ಹೆಮ್ಮೆಯ ಜೊತೆ ಎಚ್ಚರವೂ ಬೇಕು. ಚೀನಾದಲ್ಲಿ ಚಿರತೆ ಹಲ್ಲಿಯ ನೆಂಟನೇ ಆದ, ರೆಪ್ಪೆಯಿರುವ ಗೋನಿಯುರೊಸಾರಸ್ ಲೂಯಿ ಎಂಬ ಗುಹೆ ಹಲ್ಲಿಯನ್ನು ೧೯೯೯ರಲ್ಲಿ ವಿಜ್ಞಾನಿಗಳು ವಿವರಿಸಿದರು. ರೂಢಿಯಂತೆ ಅದು ಸಿಕ್ಕ ಜಾಗವನ್ನೂ ಬರೆದರು. ಆ ಬರಹವೇ ವ್ಯಾಪಾರಿಗಳಿಗೆ ನಕಾಶೆಯಾಯಿತು. ಸಾವಿರಾರು ಡಾಲರಿಗೆ ಮಾರಾಟವಾಗತೊಡಗಿದ ಆ ಹಲ್ಲಿ, ಮೊದಲು ಸಿಕ್ಕ ಜಾಗದಿಂದಲೇ ಕೆಲವೇ ವರ್ಷಗಳಲ್ಲಿ ಅಳಿಸಿಹೋಯಿತು. ಹೊಸ ಪ್ರಾಣಿಗೆ ಹೆಸರಿಡುವುದೂ ಅದಕ್ಕೆ ಅಪಾಯವಾಗಬಹುದು ಎಂದು ವಿಜ್ಞಾನಿಗಳೇ ೨೦೦೬ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಚ್ಚರಿಸಿದರು. ಚೀನಾ, ವಿಯೆಟ್ನಾಮುಗಳ ಈ ಕುಲದ ಹಲ್ಲಿಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಡಿವಾಣ ಬಿದ್ದದ್ದು ೨೦೧೯ರಲ್ಲಿ.

ಒಂದೇ ಬೆಟ್ಟದಲ್ಲಿ ಬದುಕುವ ಪ್ರಾಣಿಯ ಕಷ್ಟ ಇದು. ಗೋಡೆಯ ಹಲ್ಲಿ ಒಂದು ಮನೆಯಲ್ಲಿ ಸತ್ತರೆ ಪಕ್ಕದ ಮನೆಯಿಂದ ಇನ್ನೊಂದು ಬರುತ್ತದೆ. ಬಂಡೆಯ ಹಲ್ಲಿ ಅಲ್ಲಿಂದ ಹೋದರೆ ಬರಲು ಇನ್ನೆಲ್ಲೂ ಇಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ೨೦೨೩ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಯಲ್ಲಿ ಹೆಬ್ಬಾವು, ಗೋಸುಂಬೆ, ಇಗ್ವಾನ, ಆಮೆ ಸೇರಿ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳು ಸಿಕ್ಕಿದವು. ಹೀಗೆ ಒಳಬರುವ ದಾರಿ ಇದ್ದರೆ ಹೊರಹೋಗುವ ದಾರಿಯೂ ಇರುತ್ತದೆ. ಪ್ರವಾಸಿಗರು ಜಾಗದ ಗುರುತಿನ ಸಮೇತ ಮೊಬೈಲಿನಲ್ಲಿ ಹಂಚುವ ಒಂದು ಚಂದದ ಚಿತ್ರ ಸಾಕು.

ಕದಿಯುವವರಿಲ್ಲದಿದ್ದರೂ ಅಪಾಯ ತಪ್ಪಿದ್ದಲ್ಲ. ತೋಟಗಳಲ್ಲಿ ಹಲಸು, ಅತ್ತಿ, ನಂದಿ, ಮತ್ತಿಯ ಹಳೆಯ ಮರಗಳು ಹೋಗಿ ಸಿಲ್ವರ್ ಓಕ್ ಸಾಲುಗಳು ಬಂದಿವೆ. ಮೆಣಸಿನ ಬಳ್ಳಿ ಹಬ್ಬಿಸಲು ಅದು ಅನುಕೂಲ, ಬೇಗ ಬೆಳೆಯುತ್ತದೆ, ಮಾರಲೂ ಬರುತ್ತದೆ. ಬೆಲೆ ಏರಿಳಿಯುವ ಬೆಳೆ ನಂಬಿದ ಬೆಳೆಗಾರನನ್ನು ಇದಕ್ಕಾಗಿ ದೂರುವುದು ಸುಲಭ, ನ್ಯಾಯವಲ್ಲ. ಆದರೂ ಹಳೆಯ ಮರದ ಪೊಟರೆ, ಒರಟು ತೊಗಟೆ, ಅದರ ಮೇಲಿನ ಪಾಚಿ ಇವು ಆಸ್ಟ್ರೇಲಿಯಾದಿಂದ ಬಂದ ನೇರ ಕಾಂಡದ ಮರದಲ್ಲಿ ಸಿಗುವುದಿಲ್ಲ. ರಸ್ತೆ ಅಗಲಿಸುವಾಗ, ಹೋಂ ಸ್ಟೇ ಕಟ್ಟುವಾಗ ಒಡೆಯುವ ಬಂಡೆಯೂ ಹಾಗೆಯೇ. ಅದು ಜಲ್ಲಿಯಾಗುವ ಮೊದಲು ಯಾರದೋ ಮನೆಯಾಗಿತ್ತು. ತೋಟದಂಚಿನ ನಾಲ್ಕು ಬಂಡೆ, ಹತ್ತು ಹಳೆಯ ಮರ ಉಳಿಸಿಕೊಂಡರೆ ಕಾಫಿಗೆ ನಷ್ಟವೇನಿಲ್ಲ.

ಸಾಕುವ ಆಸೆಗೆ ಏನು ಹೇಳುವುದು?

ಮಕ್ಕಳ ಆಸೆಯನ್ನು ಗದರಿಸಿ ಮುಚ್ಚಿಸುವುದು ಸರಿಯಲ್ಲ. ಪ್ರಾಣಿಯ ಮೇಲಿನ ಪ್ರೀತಿ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ತಿಳಿಸಬೇಕಾದ ಸಂಗತಿಗಳಿವೆ. ಕಾಡಿನಿಂದ, ತೋಟದಿಂದ ಹಿಡಿದು ತಂದ ಪ್ರಾಣಿ ಸಾಕುಪ್ರಾಣಿಯಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಹಿಡಿಯುವುದು, ಇಟ್ಟುಕೊಳ್ಳುವುದು ಅಪರಾಧ. ಉಡ ಅದರ ಮೊದಲ ಪಟ್ಟಿಯಲ್ಲೇ ಇದೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರೂ ನೋಂದಾಯಿಸಬೇಕು. ಚಿರತೆ ಹಲ್ಲಿಯನ್ನೇ ಕೊಳ್ಳುವವರು ಅದು ಸಾಕಣೆಯಲ್ಲಿ ಹುಟ್ಟಿದ್ದೋ, ಬೆಟ್ಟದಿಂದ ಹಿಡಿದದ್ದೋ, ಅದರ ಕಾಗದಪತ್ರ ಎಲ್ಲಿ ಎಂದು ಕೇಳಲೇಬೇಕು. ಐದನೇ ತರಗತಿಯ ಮಗು ಇಂದು ತಂದ ಹಲ್ಲಿ, ಆ ಮಗು ಕೆಲಸಕ್ಕೆ ಸೇರುವ ಕಾಲಕ್ಕೂ ಬದುಕಿರುತ್ತದೆ ಎಂಬುದನ್ನೂ ಯೋಚಿಸಬೇಕು. ಬೇಸರವಾದಾಗ ತೋಟಕ್ಕೆ ಬಿಡುವ ಹಾಗಿಲ್ಲ. ಮುಂಗಾರಿನ ಮೊದಲ ವಾರವೇ ಅದಕ್ಕೆ ಕೊನೆಯ ವಾರವಾದೀತು.

ಭಯಗಳನ್ನೂ ಅಷ್ಟೇ, ವಿಚಾರ ಮಾಡಿ ಬಿಡಬೇಕು. ಹಲ್ಲಿ ಬಿದ್ದ ಸಾಂಬಾರು ತಿಂದು ವಾಂತಿಯಾಯಿತೆಂಬ ಸುದ್ದಿ ಆಗಾಗ ಬರುತ್ತದೆ. ಹಲ್ಲಿಯಲ್ಲಿ ವಿಷವಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಆದ್ದರಿಂದ ಪಾತ್ರೆಗೆ ಮುಚ್ಚಳ ಹಾಕುವುದು, ಹಲ್ಲಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವುದು ಸಾಕು. ಮೈಮೇಲೆ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲಿ ಪಟ್ಟಿಯಿದೆ. ದೋಷ ಕಳೆಯಲು ಕಂಚಿಯ ವರದರಾಜ ದೇವಾಲಯದ ಚಿನ್ನದ ಹಲ್ಲಿಯನ್ನು ಮುಟ್ಟಿ ಬರುವವರಿದ್ದಾರೆ. ನಂಬಿಕೆ ಅವರವರದು. ಹಲ್ಲಿಯ ಮಟ್ಟಿಗೆ ಅದು ಹಿಡಿತ ತಪ್ಪಿ ಬಿದ್ದದ್ದಷ್ಟೇ.

ಕಾಫಿ ಸೀಮೆಯ ಮಕ್ಕಳಿಗೆ ಪೆಟ್ಟಿಗೆ ಬೇಕಾಗಿಯೇ ಇಲ್ಲ. ಒಂದು ನೋಟ್‌ಬುಕ್ಕು, ಒಂದು ಟಾರ್ಚು ಇದ್ದರೆ ಆಯಿತು. ಯಾವ ಫೋಟೋದ ಹಿಂದೆ ಯಾವ ಹಲ್ಲಿ, ಎಷ್ಟು ಗಂಟೆಗೆ ಹೊರಗೆ ಬರುತ್ತದೆ, ಬಾಲ ಕಳೆದುಕೊಂಡದ್ದಕ್ಕೆ ಮತ್ತೆ ಬೆಳೆಯಲು ಎಷ್ಟು ವಾರ ಹಿಡಿಯಿತು, ಯಾವ ಅಡಿಕೆ ಮರದಲ್ಲಿ ಹಳದಿ ಬಾವುಟ ಕಂಡಿತು ಎಂದು ಬರೆದಿಡುತ್ತ ಹೋದರೆ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿಗಳು ಕೈಯಲ್ಲಿರುತ್ತವೆ. ಮಂದಣ್ಣ ಮಾಡಿದ್ದೂ ಇಷ್ಟೇ ಕೆಲಸ.

ಕಳಸಕ್ಕೆ ಹೋಗುವವರು ಹಗಲು ಹಲ್ಲಿ ನೋಡಬೇಕೆಂದಿದ್ದರೆ ಜೋರು ಮಳೆಯ ಜುಲೈ, ಆಗಸ್ಟ್ ಬಿಟ್ಟು ಅಕ್ಟೋಬರ್ ನಂತರ ಬರುವುದು ಒಳ್ಳೆಯದು. ಆಗ ಇಂಬಳದ ಕಾಟವೂ ಕಡಿಮೆ. ತೋಟದೊಳಗೆ ಕಾಲಿಡುವ ಮೊದಲು ಮಾಲೀಕರನ್ನು ಕೇಳಬೇಕು. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೆಯೇ ಇಡಬೇಕು, ಅದರಡಿ ಎರಡು ಬಿಳಿ ಮೊಟ್ಟೆಗಳಿರಬಹುದು. ಬಂಡೆಯಿಂದ ನಾಲ್ಕು ಹೆಜ್ಜೆ ದೂರ, ಅಲುಗಾಡದೆ ಹತ್ತು ನಿಮಿಷ ನಿಂತರೆ, ಕಲ್ಲೆಂದುಕೊಂಡದ್ದು ಮೆಲ್ಲಗೆ ತಲೆ ಎತ್ತುತ್ತದೆ.